ಇನ್ನೂರೇಳನೆಯ ಹೆಸರು

ವರ್ಷಕ್ಕೊಮ್ಮೆ ಕಾಯದೆ ಕೇಳುತ್ತದೆ:
ಎಲ್ಲರನ್ನೂ ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿ,
ನಟ್ಟನಡುವೆ ನಿಂತವನನ್ನು ಹುಡುಕಿ,
ಮೇಲಿನವರದು ಅವನದರ ಎಷ್ಟು ಪಟ್ಟು, ಬರೆಯಿರಿ.
ಹೆಸರು ಬೇಡ. ಅಂಕಿ ಸಾಕು.

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ನಾನೂರಾ ಹದಿಮೂರು ಮಂದಿ.
ಬೆಸ ಸಂಖ್ಯೆ; ಹಾಗಾಗಿ ನಡುವೆ ಬರೀ ಲೆಕ್ಕವಲ್ಲ,
ಒಬ್ಬ ಮನುಷ್ಯನೇ ಸಿಗುತ್ತಾನೆ.
ಕರ್ಸರ್ ಇಳಿಸುತ್ತ ಹೋದೆ. ಇನ್ನೂರೇಳು:
ಅಡಿವೆಪ್ಪ ಖನಗಾವಿ, ಮೋಲ್ಡಿಂಗ್.
ಹಾಜರಿ ಪುಸ್ತಕದಲ್ಲಿ ಅಕಾರದ ದೆಸೆಯಿಂದ ಮೊದಲಿಗ,
ಇಲ್ಲಿ ನಡುವಿನವ.
ತಿಂಗಳಿಗೆ ಇಪ್ಪತ್ಮೂರು ಸಾವಿರ.

ಉಮಾಕಾಂತ ಸಾಹೇಬರದು ಅದರ ನೂರಾ ನಲವತ್ತೆಂಟು ಪಟ್ಟು.
ಕ್ಯಾಲ್ಕುಲೇಟರ್ ತಪ್ಪಿತೇನೋ ಎಂದು ಇನ್ನೊಮ್ಮೆ ಒತ್ತಿದೆ.
ಸಾಹೇಬರ ಒಂದು ವರ್ಷವನ್ನು ದುಡಿಯಲು ಅಡಿವೆಪ್ಪ
ಬೆಳಗಾವಿಗೆ ರೈಲು ಬರುವ ಮುಂಚೆಯೇ
ಉಸುಕು ಬಡಿಯಲು ಕೂತಿರಬೇಕಿತ್ತು.

ದೊಡ್ಡ ಸಾಹೇಬರ ಕಾಲದ ಲೆಡ್ಜರ್ ಇನ್ನೂ ಕಪಾಟಿನಲ್ಲಿದೆ.
ಆಗ ಒಂಬತ್ತು ಪಟ್ಟು.
ಅವರು ಧೋತರ ಎತ್ತಿಕಟ್ಟಿ ಅಡಿವೆಪ್ಪನ ಎದುರು ಕುಕ್ಕರಗಾಲಲ್ಲಿ ಕೂತು
"ಹೆಂಗೈತೋ ಇವತ್ತಿನ ಉಸುಕು?" ಎನ್ನುತ್ತಿದ್ದರು.
ಅವನು ಮುಷ್ಟಿಯಲ್ಲಿ ಹಿಂಡಿ, ಬಿಚ್ಚಿ, ಬೆರಳಚ್ಚು ತೋರಿಸಿ
"ಹಸಿ ಹೆಚ್ಚಾಗೇತ್ರಿ, ಇವತ್ತು ಎರಕ ಬ್ಯಾಡ" ಅಂದರೆ
ಭಟ್ಟಿ ನಿಲ್ಲುತ್ತಿತ್ತು.
(ಬೈಗುಳವೂ ಇತ್ತು ಆ ಕಾಲಕ್ಕೆ, ಚಪ್ಪಲಿಯೂ ಒಮ್ಮೆ ಹಾರಿತ್ತು;
ಎಲ್ಲ ಬಂಗಾರವಾಗಿತ್ತು ಎನ್ನಲಾರೆ.)

ಉಮಾಕಾಂತ ಸಾಹೇಬರು ಯಾರಿಗೂ ಏಕವಚನ ಆಡುವುದಿಲ್ಲ.
ನನ್ನ ಅವ್ವನ ಕಣ್ಣಿನ ಆಪರೇಶನ್ನಿಗೆ ಅವರದೇ ಕಾರು ಬಂದಿತ್ತು.
ಅದಕ್ಕೇ ಈ ಅಂಕಿ
ನುಂಗಲೂ ಬಾರದೆ, ಉಗುಳಲೂ ಬಾರದೆ
ಗಂಟಲಲ್ಲೇ ಉಳಿದದ್ದು.

ನಾನು ಯಾರಿಗೂ ಹೇಳಲಿಲ್ಲ.
ಡಿಸ್ಪ್ಯಾಚಿನ ಮೀರಾಸಾಬನ ಅಳಿಯನ ಹತ್ತಿರ ಕಂಪನಿಯ ಹತ್ತು ಶೇರು;
ವಾರ್ಷಿಕ ವರದಿ ಟಪಾಲಿನಲ್ಲಿ ಬಂತು.
ಗೇಟಿನಾಚೆ ಚಹಾದಂಗಡಿಯ ಕಟ್ಟೆಯ ಮೇಲೆ
ಯಾರದೋ ಕಿವಿಯಿಂದ ಪೆನ್ಸಿಲ್ಲು ಕೆಳಗಿಳಿಯಿತು.

ಮುಷ್ಕರವಾಗಲಿಲ್ಲ. ಘೋಷಣೆ ಇಲ್ಲ, ಗೋಡೆಬರಹ ಇಲ್ಲ.
"ನಮಸ್ಕಾರ್ರೀ" ಹಾಗೇ ಇತ್ತು, ತುಸು ತಣ್ಣಗೆ.

ಶ್ರಾವಣದ ಜಿಟಿಜಿಟಿಯಲ್ಲಿ ಸಾಹೇಬರು ಶೆಡ್ಡಿಗೆ ಬಂದು
"ಎಲ್ಲಾ ಸರಿ ಐತೇನ್ರೀ?" ಎಂದರು.
"ಸರಿ ಐತ್ರೀ."
ಅಡಿವೆಪ್ಪನ ಬಲಗೈ ಬೆನ್ನ ಹಿಂದಿತ್ತು.
ಮುಷ್ಟಿ ಬಿಚ್ಚಿದ; ಹಸಿ ಉಸುಕು ಹೆಂಟೆಯಾಗಿ ನೆಲಕ್ಕೆ ಬಿತ್ತು.
ನಾನು ಓವರ್‌ಟೈಮ್ ಪಟ್ಟಿ ಹಿಡಿದು ಅಲ್ಲೇ ನಿಂತಿದ್ದೆ.

ಕೊಲ್ಹಾಪುರದಿಂದ ಅರವತ್ತೊಂದು ಪಂಪಿನ ಬಾಡಿ ಮರಳಿ ಬಂದವು,
ಮೇಲೆ ನುಣುಪು, ಒಳಗೆ ಪೊಳ್ಳು.
ಮೀಟಿಂಗಿನಲ್ಲಿ ಸಾಹೇಬರ ದನಿ ನಿಜಕ್ಕೂ ನೊಂದಿತ್ತು:
"ಒಬ್ಬರಾದರೂ ನನಗ ಹೇಳಬೇಕಿತ್ತಲ್ಲ?"
ಪುಣೆಯಿಂದ ಬಂದ ತಜ್ಞ ಸಂವಹನದ ಕೊರತೆ ಎಂದ.
ಹೋಟೆಲಿನಲ್ಲಿ ಎರಡು ದಿನ ತರಬೇತಿ, ಬಲೂನು ಒಡೆಯುವ ಆಟ, ಊಟ.

ಕೈ ತೊಳೆಯುವ ನಳದ ಹತ್ತಿರ
ಅಡಿವೆಪ್ಪ ನನ್ನ ಮುಖ ನೋಡದೆ ಅಂದ:
"ಅಕ್ಕಾರ, ನೂರಾ ನಲವತ್ತೆಂಟು ಮಂದಿ ಪಗಾರ ಒಯ್ತಾರ.
ಅದರಾಗ ಒಬ್ಬನಿಗೂ ಉಸುಕು ತಿಳೀಲಿಲ್ಲೇನ್ರೀ?"

ಮಾರ್ಚಿಗೆ ನಿವೃತ್ತನಾದ.
ಹೋಗುವಾಗ, ಮರಳಿ ಬಂದ ರಾಶಿಯಿಂದ
ಅಂಗೈಯಗಲದ ಮುಚ್ಚಳವೊಂದನ್ನು ನನ್ನ ಟೇಬಲ್ಲಿಗಿಟ್ಟ:
"ಕಾಗದ ಹಾರಬಾರದಲ್ರೀ."

ನಿನ್ನೆ, ಈ ವರ್ಷದ ಲೆಕ್ಕ ಕೇಳಲು ಸಾಹೇಬರೇ ಬಂದರು.
ಅದನ್ನೆತ್ತಿ, ಉಗುರಿನಿಂದ ತಟ್ಟಿ, ಕಿವಿಗೊಟ್ಟರು.
"ಇದರ ಸಪ್ಪಳ ಯಾಕ ಹಿಂಗ?"

ಪ್ರಿಂಟರಿನಿಂದ ಬಂದ ಹಾಳೆ ಇನ್ನೂ ಬೆಚ್ಚಗಿತ್ತು ನನ್ನ ಕೈಯಲ್ಲಿ.
"ಸರಿ ಐತ್ರೀ," ಎಂದೆ.